ಅಕ್ವೇರಿಯಂ ಸಂಪ್ ಉಕ್ಕುತ್ತಿದೆಯೇ? ಡ್ರೈನ್ ಪೈಪ್, ರಿಟರ್ನ್ ಪಂಪ್ ಎರಡನ್ನೂ ಅಳೆದು ದೋಷ ಹುಡುಕುವ ಬಗೆ

ಕೊಡಗಿನ ಕಕ್ಕಡ ಮಾಸದ ಮಳೆಯಲ್ಲಿ ಸುಂಟಿಕೊಪ್ಪದ ಕಡೆ ಕರೆಂಟ್ ಹೋಗುವುದು ಯಾರಿಗೂ ಸುದ್ದಿಯಲ್ಲ. ಗಾಳಿಗೆ ಒಂದು ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿದ್ದರೆ ರಾತ್ರಿಯೆಲ್ಲ ಕತ್ತಲೆ. ಆ ಜುಲೈನಲ್ಲಿ ನಮ್ಮ ಮನೆಯ ನಾಲ್ಕಡಿ ಅಕ್ವೇರಿಯಂನಲ್ಲಿ ಒಂದು ವಿಚಿತ್ರ ಗಮನಿಸಿದೆ. ಕರೆಂಟ್ ಹೋಗಿ ಬಂದ ಮಾರನೆಯ ಬೆಳಿಗ್ಗೆ, ಕೆಳಗಿನ ಫಿಲ್ಟರ್ ತೊಟ್ಟಿಯಲ್ಲಿ, ಅಂದರೆ ಸಂಪ್‌ನಲ್ಲಿ, ಪಂಪ್ ಕೂತಿರುವ ಕೋಣೆಯ ನೀರು ನಾನು ಗೆರೆ ಎಳೆದಿದ್ದ ಜಾಗಕ್ಕಿಂತ 7 ಸೆಂಟಿಮೀಟರ್ ಇಳಿದಿರುತ್ತಿತ್ತು. ಆವಿಯಾಗಿರಬೇಕು ಎಂದುಕೊಂಡು ಬಾವಿ ನೀರು ತಂದು ಗೆರೆಯವರೆಗೆ ತುಂಬುತ್ತಿದ್ದೆ. ಎರಡು ದಿನ ಬಿಟ್ಟು ಮತ್ತೆ ಕರೆಂಟ್ ಹೋಗುತ್ತಿತ್ತು, ಮತ್ತೆ ಅದೇ 7 ಸೆಂಟಿಮೀಟರ್.

ನೆಲದ ಮೇಲೆ ತೇವ ಕಾಣುತ್ತಿತ್ತು, ನಿಜ. ಆದರೆ ಮಳೆಗಾಲದಲ್ಲಿ ನಮ್ಮ ರೆಡ್ ಆಕ್ಸೈಡ್ ನೆಲ ಬೆವರುವುದು ವಾಡಿಕೆ. ಪ್ಲೈವುಡ್ ಸ್ಟ್ಯಾಂಡಿನ ಬುಡ ಉಬ್ಬಿಕೊಂಡ ಮೇಲೆಯೇ ನನಗೆ ಪ್ರಶ್ನೆ ಹೊಳೆದದ್ದು. ಹಗ್ಗದ ಮೇಲಿನ ಬಟ್ಟೆ ವಾರವಾದರೂ ಒಣಗದ ತಿಂಗಳಲ್ಲಿ, ಒಂದೇ ರಾತ್ರಿಯಲ್ಲಿ ಆರು ಲೀಟರ್ ನೀರು ಆವಿಯಾಗುವುದಾದರೂ ಹೇಗೆ?

ಆವಿಯಾಗಿರಲಿಲ್ಲ. ಪ್ರತಿ ಸಲ ಕರೆಂಟ್ ಹೋದಾಗಲೂ ಆರು ಲೀಟರ್ ಸಂಪ್‌ನಿಂದ ಹೊರಗೆ ಚೆಲ್ಲುತ್ತಿತ್ತು, ಬೆಳಿಗ್ಗೆ ನಾನೇ ಮತ್ತೆ ಆರು ಲೀಟರ್ ತುಂಬಿ ಮುಂದಿನ ಚೆಲ್ಲಾಟಕ್ಕೆ ಸಿದ್ಧ ಮಾಡಿಡುತ್ತಿದ್ದೆ. ಅದನ್ನು ಹಿಡಿಯಲು ಹೊರಟಾಗ ಒಂದರ ಹಿಂದೆ ಒಂದಾಗಿ ಇನ್ನೂ ಮೂರು ದೋಷ ಸಿಕ್ಕವು. ನಾಲ್ಕೂ ಅಳತೆಯ ದೋಷಗಳೇ. ಡಬ್ಬದ ಮೇಲೆ ಬರೆದದ್ದನ್ನು ನಂಬಿದ್ದೆ, ಬಕೆಟ್ ಹಿಡಿದು ಅಳೆದಿರಲಿಲ್ಲ.

ಒಂದು ಮಾತು ಮೊದಲೇ. ನಮ್ಮಲ್ಲಿ ಸಂಪ್ ಎಂದರೆ ಅಂಗಳದ ಅಡಿಯ ನೀರಿನ ತೊಟ್ಟಿ. ಇಲ್ಲಿ ಸಂಪ್ ಎಂದರೆ ಮೀನಿನ ತೊಟ್ಟಿಯ ಕೆಳಗೆ ಸ್ಟ್ಯಾಂಡಿನೊಳಗೆ ಇಡುವ ಗಾಜಿನ ಫಿಲ್ಟರ್ ತೊಟ್ಟಿ. ಮೇಲಿನ ನೀರು ತೊಟ್ಟಿಯ ಅಂಚಿನ ಓವರ್‌ಫ್ಲೋ ಬಾಕ್ಸಿನ ಬಾಚಣಿಗೆಯಂಥ ಹಲ್ಲು ದಾಟಿ ಡ್ರೈನ್ ಪೈಪಿನಲ್ಲಿ ಕೆಳಗೆ ಇಳಿಯುತ್ತದೆ, ಸ್ಪಂಜು ಮತ್ತು ನೀರು ಶುದ್ಧ ಮಾಡುವ ಮೀಡಿಯಾ ದಾಟಿ ಕೊನೆಯ ಕೋಣೆಗೆ ಬರುತ್ತದೆ, ಅಲ್ಲಿಂದ ರಿಟರ್ನ್ ಪಂಪ್ ಅದನ್ನು ಮೇಲೆ ಕಳಿಸುತ್ತದೆ. ಇಳಿಯುವುದು ತನ್ನ ಭಾರದಿಂದ, ಏರುವುದು ಕರೆಂಟಿನಿಂದ. ಕರೆಂಟ್ ನಿಂತರೂ ಭಾರ ನಿಲ್ಲುವುದಿಲ್ಲ.

ಮೊದಲು ಎರಡು ಮಟ್ಟ ನೋಡಿ

ಯಾವ ಭಾಗವನ್ನೂ ಬಿಚ್ಚುವ ಮೊದಲು ಮೇಲಿನ ತೊಟ್ಟಿಯ ಮಟ್ಟ ಮತ್ತು ಪಂಪ್ ಕೋಣೆಯ ಮಟ್ಟ, ಈ ಎರಡನ್ನು ನೋಡಿ. ಸಂಪ್‌ನ ಉಳಿದ ಕೋಣೆಗಳ ಮಟ್ಟವನ್ನು ನಡುವಿನ ಗಾಜಿನ ತಡೆಗಳು ಕಟ್ಟಿಹಾಕಿರುತ್ತವೆ, ಅವು ಏನೂ ಹೇಳುವುದಿಲ್ಲ. ಲೆಕ್ಕ ಹೇಳುವುದು ಕೊನೆಯ ಕೋಣೆ ಮಾತ್ರ.

ಮೇಲೆ ಏರುತ್ತಿದ್ದು ಪಂಪ್ ಕೋಣೆಯಲ್ಲಿ ಇಳಿಯುತ್ತಿದ್ದರೆ ಡ್ರೈನ್ ಸಾಲುತ್ತಿಲ್ಲ. ಮೇಲೆ ಹಾಗೆಯೇ ಇದ್ದು ಪಂಪ್ ಕೋಣೆ ಮಾತ್ರ ನಿಧಾನವಾಗಿ ಇಳಿಯುತ್ತಿದ್ದರೆ ನೀರು ವ್ಯವಸ್ಥೆಯಿಂದಲೇ ಹೊರಗೆ ಹೋಗುತ್ತಿದೆ, ಆವಿಯಾಗಿಯೋ ಸೋರಿಯೋ. ಎರಡೂ ಸ್ಥಿರವಾಗಿದ್ದು ಮೇಲೆ ಬೀಳುವ ನೀರು ಸೊರಗಿದ್ದರೆ ಪಂಪ್ ಅಥವಾ ಅದರ ಪೈಪಿನ ಕಡೆ ನೋಡಿ. ಕರೆಂಟ್ ಇರುವಾಗ ಎಲ್ಲ ಸರಿ, ಹೋದಾಗ ಮಾತ್ರ ಚೆಲ್ಲುತ್ತದೆ ಎಂದರೆ ಅದು ಹಿಂದಕ್ಕೆ ಹರಿಯುವ ನೀರಿನ ಲೆಕ್ಕ. ನನ್ನದು ಈ ಕೊನೆಯದು.

ಕರೆಂಟ್ ಹೋದಾಗ ಚೆಲ್ಲುವುದು

ನನ್ನ ತೊಟ್ಟಿ 120 ಸೆಂಟಿಮೀಟರ್ ಉದ್ದ, 45 ಅಗಲ. ಅಂದರೆ ಮೇಲ್ಮೈ 5,400 ಚದರ ಸೆಂಟಿಮೀಟರ್. ಮೇಲೆ ಒಂದು ಸೆಂಟಿಮೀಟರ್ ಇಳಿದರೆ ಕೆಳಗೆ 5.4 ಲೀಟರ್ ಬರುತ್ತದೆ. ರಿಟರ್ನ್ ಪೈಪಿನ ಬಾಯಿಯನ್ನು ನಾನು ನೀರಿನ ಮಟ್ಟಕ್ಕಿಂತ 7 ಸೆಂಟಿಮೀಟರ್ ಕೆಳಗೆ ಇಟ್ಟಿದ್ದೆ, ನೀರು ಬೀಳುವ ಸದ್ದು ಕೇಳಬಾರದು ಎಂದು. ಪಂಪ್ ನಿಂತ ಕ್ಷಣ ಆ ಬಾಯಿಯೇ ಸೈಫನ್ ಆಗಿ ತಿರುಗಿ, ಅದು ಗಾಳಿ ಎಳೆಯುವವರೆಗೂ ಮೇಲಿನ ನೀರನ್ನು ಕೆಳಕ್ಕೆ ಇಳಿಸುತ್ತದೆ. 7 ಸೆಂಟಿಮೀಟರಿಗೆ 37.8 ಲೀಟರ್, ಪೈಪುಗಳ ಒಳಗಿನದು ಸುಮಾರು ಒಂದೂವರೆ ಲೀಟರ್. ಒಟ್ಟು 39.

ಸಂಪ್ 90 ಉದ್ದ, 35 ಅಗಲ, 40 ಎತ್ತರ, ತಡೆಗಾಜು 30 ಸೆಂಟಿಮೀಟರಿಗೆ. ತಡೆಗಾಜಿನ ಮೇಲಿನ ಖಾಲಿ 10 ಸೆಂಟಿಮೀಟರ್ ಜಾಗಕ್ಕೆ 31.5 ಲೀಟರ್ ಹಿಡಿಯುತ್ತದೆ. ಪಂಪ್ ಕೋಣೆಯಲ್ಲಿ 28ಕ್ಕೆ ಗೆರೆ ಇದ್ದುದರಿಂದ ಅಲ್ಲಿ ಇನ್ನೊಂದು ಒಂದೂವರೆ ಲೀಟರ್ ಚಿಲ್ಲರೆ. ಒಟ್ಟು 33. ಬರುವುದು 39, ಹಿಡಿಯುವುದು 33. ಆರು ಲೀಟರಿನ ಗುಟ್ಟು ಇಷ್ಟೇ. ಪಂಪ್ ಕೋಣೆ 25ಕ್ಕೆ 35 ಸೆಂಟಿಮೀಟರಿನದು, ಅಲ್ಲಿ ಆರು ಲೀಟರ್ ಎಂದರೆ ಸರಿಯಾಗಿ 7 ಸೆಂಟಿಮೀಟರ್ ಇಳಿತ.

ತೊಟ್ಟಿ ಕಟ್ಟಿಕೊಟ್ಟ ಅಂಗಡಿಯವರು ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಹಾಕಿದ್ದರು, ಚಿಂತೆ ಬೇಡ ಎಂದೂ ಹೇಳಿದ್ದರು. ಬಿಚ್ಚಿ ನೋಡಿದರೆ ಅದರ ನಾಲಿಗೆಗೆ ಒಂದು ಪುಟ್ಟ ಬಸವನಹುಳು ಸಿಕ್ಕಿಕೊಂಡಿತ್ತು. ಸುತ್ತಲೂ ಕಂದು ಲೋಳೆ. ಜೀವ ಇರುವ ನೀರಿನಲ್ಲಿ ಚೆಕ್ ವಾಲ್ವ್ ಕೆಲವು ತಿಂಗಳಿಗೆ ಹೀಗಾಗುವುದೇ ಹೆಚ್ಚು, ಅದನ್ನು ನಂಬಿ ಸಂಪ್ ತುಂಬಿಸಬಾರದು. ಹಲವರು ರಿಟರ್ನ್ ಪೈಪಿನಲ್ಲಿ ನೀರಿನ ಮಟ್ಟದ ಸ್ವಲ್ಪ ಕೆಳಗೆ 3-4 ಮಿಲಿಮೀಟರಿನ ರಂಧ್ರ ಕೊರೆಯುತ್ತಾರೆ, ಮಟ್ಟ ಅಲ್ಲಿಗೆ ಇಳಿದಾಗ ಗಾಳಿ ನುಗ್ಗಿ ಸೈಫನ್ ಮುರಿಯಲಿ ಎಂದು. ಅದು ಕೆಲಸ ಮಾಡುತ್ತದೆ, ಆದರೆ ಪಾಚಿ ಕಟ್ಟಿದರೆ ಅದೂ ಮುಚ್ಚುತ್ತದೆ, ವಾರಕ್ಕೊಮ್ಮೆ ಕಡ್ಡಿ ಆಡಿಸಬೇಕು. ನನಗೆ ಒಪ್ಪಿಗೆಯಾದದ್ದು ಪೈಪಿನ ಬಾಯಿಯನ್ನೇ ಮೇಲಕ್ಕೆ ತರುವುದು. ಈಗ ಅದು ಮಟ್ಟದಿಂದ 2 ಸೆಂಟಿಮೀಟರ್ ಕೆಳಗಿದೆ. ಹಿಂದೆ ಬರುವ ನೀರು ಸುಮಾರು 12 ಲೀಟರ್, ಸಂಪ್‌ನಲ್ಲಿ ಜಾಗ 33 ಲೀಟರಿಗೆ. ಕಟ್ಟಿಕೊಳ್ಳಲು, ಕೆಟ್ಟುಹೋಗಲು ಅಲ್ಲಿ ಬೇರೇನೂ ಇಲ್ಲ.

ಪಂಪ್ ದುರ್ಬಲ ಎಂದು ಕಂಡರೆ

ಸೈಫನ್ ಸರಿಪಡಿಸಿದ ಮೇಲೆ ಮೇಲಿನ ಹರಿವು ಗಮನಕ್ಕೆ ಬಂತು. ಪಂಪಿನ ಮೇಲೆ ಗಂಟೆಗೆ 3,000 ಲೀಟರ್, ಗರಿಷ್ಠ ಎತ್ತರ 2.5 ಮೀಟರ್ ಎಂದು ಇದೆ. ಬೀಳುವ ನೀರನ್ನು ನೋಡಿದರೆ ಹಾಗೆ ಅನ್ನಿಸಲಿಲ್ಲ. ರಿಟರ್ನ್ ಬಾಯಿಗೆ ಒಂದು ಹೋಸ್ ಸಿಕ್ಕಿಸಿ, ಮೇಲಿನ ನೀರಿನ ಮಟ್ಟದ ಎತ್ತರದಲ್ಲೇ ಬಕೆಟ್ ಹಿಡಿದು, 10 ಲೀಟರ್ ತುಂಬಲು ಎಷ್ಟು ಹೊತ್ತು ಎಂದು ಮೊಬೈಲಿನಲ್ಲಿ ನೋಡಿದೆ. 34 ಸೆಕೆಂಡ್. ಲೀಟರನ್ನು ಸೆಕೆಂಡಿನಿಂದ ಭಾಗಿಸಿ 3,600ರಿಂದ ಗುಣಿಸಿದರೆ ಗಂಟೆಗೆ ಸುಮಾರು 1,060 ಲೀಟರ್. ಡಬ್ಬದ ಮಾತಿನ ಮೂರನೇ ಒಂದು ಭಾಗ. (ಬಕೆಟನ್ನು ನೆಲದ ಮೇಲೆ ಇಟ್ಟು ಅಳೆದರೆ ಸುಳ್ಳು ಲೆಕ್ಕ ಬರುತ್ತದೆ. ಪಂಪ್ ಆಗ ನೀರನ್ನು ಎತ್ತಬೇಕಾಗಿಯೇ ಇಲ್ಲವಲ್ಲ.)

ಪಕ್ಕದ ತೋಟದ ಮಾವನ ಹತ್ತಿರ ಹೇಳಿದೆ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವಿಗೆ ಕೆರೆಯಿಂದ ಗುಡ್ಡದ ತಲೆಯವರೆಗೆ ಸ್ಪ್ರಿಂಕ್ಲರ್ ಎಳೆದು ಜೀವಮಾನ ಸವೆಸಿದವರು.

"ಹೆಡ್ ಎಷ್ಟು ಅಳೆದಿದ್ದೀಯ?" ಅಂದರು. ಹೆಡ್ ಎಂದರೆ ಪಂಪ್ ನೀರನ್ನು ಎತ್ತಬೇಕಾದ ಎತ್ತರ.

"ಪಂಪಿನಿಂದ ಮೇಲಿನ ಬಾಯಿಯವರೆಗೆ ಒಂದೂವರೆ ಮೀಟರ್, ಮಾವ."

"ಪಂಪಿನಿಂದ ಯಾಕೆ ಅಳೆಯುತ್ತೀಯ ಮಾರಾಯ? ಕೆರೆಯ ನೀರಿನ ಮಟ್ಟದಿಂದ ಅಳೆ. ಆಮೇಲೆ ಪೈಪ್ ಯಾವುದು ಹೇಳು."

ಅವರ ಎರಡು ಮಾತೂ ಸರಿ. ಪಂಪ್ ನೀರಿನೊಳಗೆ ಎಷ್ಟು ಆಳದಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ. ಸಂಪ್‌ನ ನೀರಿನ ಮಟ್ಟದಿಂದ ಮೇಲಿನ ತೊಟ್ಟಿಯ ನೀರಿನ ಮಟ್ಟದವರೆಗೆ ಅಳೆದರೆ ನನ್ನದು 1.2 ಮೀಟರ್. ಅದರ ಮೇಲೆ ಪೈಪಿನ ತಿಕ್ಕಾಟ ಸೇರುತ್ತದೆ. ಇಲ್ಲಿದ್ದದ್ದು ಮನೆ ಕಟ್ಟುವಾಗ ಮಿಕ್ಕಿದ್ದ ಮುಕ್ಕಾಲು ಇಂಚಿನ ಸಿಪಿವಿಸಿ ಪೈಪ್.

ಪೈಪಿನ ಹೆಸರು ಬಹಳ ಜನರನ್ನು ದಾರಿ ತಪ್ಪಿಸುವ ಜಾಗ, ಇಲ್ಲಿ ಸ್ವಲ್ಪ ನಿಲ್ಲಿ. ಅಂಗಡಿಯಲ್ಲಿ "ಒಂದು ಇಂಚು" ಎಂದರೆ ಒಂದೇ ಪೈಪ್ ಅಲ್ಲ. ಬಿಸಿನೀರಿಗೆ ಹಾಕುವ ಸಿಪಿವಿಸಿ ಒಂದು ಇಂಚಿನ ಹೊರವ್ಯಾಸ 28.6 ಮಿಲಿಮೀಟರ್, ಗೋಡೆ ದಪ್ಪ, ಒಳಗೆ ಉಳಿಯುವುದು ಸುಮಾರು 23. ತೋಟಕ್ಕೆ ಎಳೆಯುವ ಬೂದು ಪಿವಿಸಿಯನ್ನು ಹೊರವ್ಯಾಸದ ಲೆಕ್ಕದಲ್ಲಿ 25, 32, 40, 50 ಮಿಲಿಮೀಟರ್ ಎಂದು ಮಾರುತ್ತಾರೆ, 32ರದ್ದೇ ಮಾತಿನಲ್ಲಿ ಒಂದು ಇಂಚು. ಅದರ ಒಳಗೆ ಸುಮಾರು 28 ಸಿಗುತ್ತದೆ. ಮುಕ್ಕಾಲು ಇಂಚಿನ ಸಿಪಿವಿಸಿಯೊಳಗೆ 18 ಮಾತ್ರ. ಆದ್ದರಿಂದ ಅಂಗಡಿಗೆ ಹೋಗುವಾಗ ಸ್ಕೇಲ್ ಒಯ್ಯಿರಿ, ಪೈಪಿನ ಬಾಯಿಗೆ ಹಿಡಿದು ಒಳಗಿನ ಅಗಲ ನೋಡಿ.

ಈ ಐದು ಹತ್ತು ಮಿಲಿಮೀಟರಿಗೆ ಯಾಕಿಷ್ಟು ಮಾತು? ಅದೇ ಹರಿವಿಗೆ ತಿಕ್ಕಾಟದ ನಷ್ಟ ಒಳವ್ಯಾಸದ ಸುಮಾರು ಐದನೇ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ, ಅಂದರೆ ಪೈಪ್ ಸ್ವಲ್ಪ ಕಿರಿದಾದರೂ ನಷ್ಟ ಬಹಳ ಏರುತ್ತದೆ. ಗಂಟೆಗೆ 1,500 ಲೀಟರ್ ಹರಿಯಬೇಕು, ಪೈಪ್ ಒಂದೂವರೆ ಮೀಟರ್, ನಾಲ್ಕು ಎಲ್ಬೋ ಎಂದು ಇಟ್ಟುಕೊಂಡು ಲೆಕ್ಕ ಹಾಕಿದೆ. ಮುಕ್ಕಾಲು ಇಂಚಿನ ಸಿಪಿವಿಸಿಯಲ್ಲಿ ಸುಮಾರು 0.9 ಮೀಟರ್ ಹೆಡ್ ತಿಕ್ಕಾಟಕ್ಕೇ ಹೋಗುತ್ತದೆ. ಒಂದು ಇಂಚಿನ ಸಿಪಿವಿಸಿಯಲ್ಲಿ 0.3. ಬೂದು 32ರಲ್ಲಿ 0.15ರ ಆಸುಪಾಸು. ಗುಡ್ಡದ ಎತ್ತರ 1.2 ಮೀಟರ್ ಇದ್ದರೆ ಸಣ್ಣ ಪೈಪ್ ಅದರ ಮೇಲೆ ಇನ್ನೊಂದು ಗುಡ್ಡ ಇಟ್ಟ ಹಾಗೆ.

ಪಂಪಿನ ಬಾಯಿ ಚಿಕ್ಕದಿದ್ದರೂ ಅಲ್ಲೇ ಒಂದು ರೆಡ್ಯೂಸರ್ ಹಾಕಿ ಪೈಪನ್ನು ದೊಡ್ಡದು ಮಾಡಿಕೊಳ್ಳಬೇಕು. ನಾನು 32ರ ಪೈಪ್ ಹಾಕಿ, ಮೊದಲಿದ್ದ ನಾಲ್ಕು ಎಲ್ಬೋಗಳಲ್ಲಿ ಎರಡನ್ನು ಉದ್ದನೆಯ ಬೆಂಡ್ ಮಾಡಿ, ಬಕೆಟ್ ಹಿಡಿದೆ. 26 ಸೆಕೆಂಡ್. ಗಂಟೆಗೆ 1,380. ಅದೇ ಪಂಪ್, ಅದೇ ಕರೆಂಟ್ ಬಿಲ್.

ಇದು ಸಾಕೇ? ನನ್ನ ತೊಟ್ಟಿಯಲ್ಲಿ ನಿಲ್ಲುವುದು ಸುಮಾರು 225 ಲೀಟರ್. ಸಿಹಿನೀರಿನ ತೊಟ್ಟಿಗೆ ಗಂಟೆಗೆ ನಾಲ್ಕರಿಂದ ಆರು ಸಲ ನೀರು ಸಂಪ್ ಮೂಲಕ ತಿರುಗಿದರೆ ಫಿಲ್ಟರಿಗೆ ಧಾರಾಳ. 1,380 ಎಂದರೆ ಆರು ಸಲ. ನಾನು ಸಾಕುವುದು ಮಿಸ್ ಕೇರಳ ಮೀನು. ಸಹ್ಯಾದ್ರಿಯ ಪಶ್ಚಿಮಕ್ಕೆ ಹರಿಯುವ ತೊರೆಗಳದ್ದು, ಅದರ ಕುಲಕ್ಕೆ 2013ರಲ್ಲಿ ಸಹ್ಯಾದ್ರಿಯ ಎಂದೇ ಹೆಸರಿಟ್ಟರು. ಅಳಿವಿನ ಅಂಚಿನ ಪಟ್ಟಿಯಲ್ಲಿರುವುದರಿಂದ ತೊರೆಯಿಂದ ಹಿಡಿದದ್ದನ್ನು ಕೊಳ್ಳದೆ ತೊಟ್ಟಿಯಲ್ಲೇ ಮರಿ ಮಾಡಿಸಿದ್ದನ್ನು ತಂದಿದ್ದೇನೆ. ಇವಕ್ಕೆ ಓಡುವ ನೀರು, ತುಂಬಾ ಆಮ್ಲಜನಕ ಬೇಕು. ಹಾಗೆಂದು ಆ ಓಟವನ್ನೆಲ್ಲ ಸಂಪ್ ಮೂಲಕ ತಳ್ಳಬೇಕಾಗಿಲ್ಲ. ತೊಟ್ಟಿಯೊಳಗೇ ಒಂದು ಸಣ್ಣ ವೇವ್‌ಮೇಕರ್ ಇಟ್ಟರೆ ಕಡಿಮೆ ವ್ಯಾಟಿನಲ್ಲಿ ತೊರೆಯಷ್ಟು ಸೆಳವು ಸಿಗುತ್ತದೆ.

ಪೈಪ್ ಸರಿಯಿದ್ದೂ ಹರಿವು ತಿಂಗಳಿಂದ ತಿಂಗಳಿಗೆ ಕುಗ್ಗುತ್ತಿದ್ದರೆ ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ರೆಕ್ಕೆ) ತೆಗೆದು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ಒಳಗುಂಡಿಯ ಲೋಳೆ ತೆಗೆಯಿರಿ. ಮೊದಲ ದಿನದ ಬಕೆಟ್ ಲೆಕ್ಕ ಬರೆದಿಟ್ಟಿದ್ದರೆ ಕುಗ್ಗಿದ್ದು ಎಷ್ಟೆಂದು ಗೊತ್ತಾಗುತ್ತದೆ. ವೋಲ್ಟೇಜ್ ಕಡಿಮೆಯಾದ್ದರಿಂದ ಹರಿವು ಕುಗ್ಗಿತು ಎಂದು ಹಲವರು ಹೇಳುವುದು ಸಾಮಾನ್ಯ ಎಸಿ ಮ್ಯಾಗ್ನೆಟ್ ಪಂಪಿಗೆ ಹೊಂದುವುದಿಲ್ಲ. ಅದರ ತಿರುಗುವ ವೇಗ 50 ಹರ್ಟ್ಸ್‌ಗೆ ಕಟ್ಟಿಬಿದ್ದಿದೆ. ವೋಲ್ಟೇಜ್ ತೀರ ಕುಸಿದಾಗ ಅದು ನಿಧಾನವಾಗುವುದಿಲ್ಲ, ಶುರುವೇ ಆಗದೆ ಗುರ್ರೆಂದು ನಿಂತು ಬಿಸಿಯಾಗುತ್ತದೆ. ಕರೆಂಟ್ ಬಂದ ಕೂಡಲೆ ಪಂಪಿನ ಸದ್ದು ಬೇರೆ ಎನಿಸಿದರೆ ಪ್ಲಗ್ ತೆಗೆದು, ಕೆಲವು ನಿಮಿಷ ಬಿಟ್ಟು ಹಾಕಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲೂ ಇವು ಗುಂಯ್‌ಗುಡುತ್ತ ಬಿಸಿಯಾಗುತ್ತವೆ, ಸೈನ್ ವೇವ್ ಆದರೆ ಒಳ್ಳೆಯದು.

ಡ್ರೈನ್: ದೊಡ್ಡ ಪಂಪ್ ಹಾಕಿದವರ ಕಷ್ಟ

ವಿರಾಜಪೇಟೆಯ ಗೆಳೆಯರೊಬ್ಬರು ಇದೇ ಸೊರಗಿದ ಹರಿವಿಗೆ ಬೇರೆ ಮದ್ದು ಮಾಡಿದ್ದರು. ಪಂಪನ್ನೇ ಬದಲಿಸಿ 5,000 ಲೀಟರಿನದು ತಂದರು. ಅಂದಿನಿಂದ ಡ್ರೈನ್ ಪೈಪ್ ಎರಡು ನಿಮಿಷಕ್ಕೊಮ್ಮೆ ಕಮೋಡ್ ಫ್ಲಶ್ ಮಾಡಿದ ಹಾಗೆ ಗೊರಗೊರ ಎನ್ನುತ್ತಿತ್ತು. ಮೇಲಿನ ಮಟ್ಟ ಏರುವುದು, ಒಮ್ಮೆಲೇ ಕುಸಿಯುವುದು, ಮತ್ತೆ ಏರುವುದು. ಒಂದು ರಾತ್ರಿ ಏರಿದ್ದು ಇಳಿಯಲೇ ಇಲ್ಲ, ಅಂಚು ದಾಟಿ ಟಿವಿ ಮೇಜಿನವರೆಗೆ ಹೋಯಿತು.

ಬಕೆಟ್ ಹಿಡಿದು ಅಳೆದೆವು, ಪಂಪ್ ನಿಜವಾಗಿ ಮೇಲೆ ಕಳಿಸುತ್ತಿದ್ದದ್ದು ಗಂಟೆಗೆ 2,600 ಲೀಟರ್. ಡ್ರೈನ್ 32ರ ಒಂದೇ ಪೈಪ್, ತಲೆಯಲ್ಲಿ ಗಾಳಿ ರಂಧ್ರವಿರುವ ಡರ್ಸೋ ಮಾದರಿಯದು. ಇಂಥ ಪೈಪಿನಲ್ಲಿ ನೀರು ಗೋಡೆಯನ್ನು ಹಿಡಿದು ಇಳಿಯುತ್ತದೆ, ನಡುವೆ ಗಾಳಿಯ ಕಂಬ ಇರುತ್ತದೆ. ಸದ್ದಿಲ್ಲದೆ ಇಳಿಯಬೇಕಾದರೆ ಪೈಪಿನ ಕಾಲು ಭಾಗದಿಂದ ಮೂರನೇ ಒಂದರಷ್ಟೇ ನೀರು ಇರಬೇಕು. 32ರ ಪೈಪಿಗೆ ಅದು ಗಂಟೆಗೆ ಸಾವಿರದಿಂದ ಸಾವಿರದ ಇನ್ನೂರು ಲೀಟರ್. ಅದೇ ಪೈಪ್ ಗಾಳಿಯೇ ಇಲ್ಲದೆ ಪೂರ್ತಿ ತುಂಬಿ ಸೈಫನ್ ಆಗಿ ಎಳೆದರೆ, ಮುಕ್ಕಾಲು ಮೀಟರ್ ಇಳಿಜಾರಿಗೆ 3,000 ಲೀಟರ್ ದಾಟುತ್ತದೆ.

ಗೆಳೆಯರ 2,600 ಈ ಎರಡರ ನಡುವೆ ಸಿಕ್ಕಿಬಿದ್ದಿತ್ತು. ಗಾಳಿಯೊಂದಿಗೆ ಇಳಿಯಲು ಹೆಚ್ಚಾಯಿತು, ಆದ್ದರಿಂದ ಮಟ್ಟ ಏರಿ ಪೈಪ್ ತುಂಬಿ ಸೈಫನ್ ಹುಟ್ಟುತ್ತದೆ. ಸೈಫನ್ ಹುಟ್ಟಿದ ಮೇಲೆ ಅದಕ್ಕೆ 2,600 ಸಾಲದು, ಬಾಕ್ಸನ್ನು ಬರಿದು ಮಾಡಿ ಗಾಳಿ ಎಳೆದು ಮುರಿಯುತ್ತದೆ. ಗೊರಗೊರ ಸದ್ದು ಅದೇ. ಫ್ಲಶ್ ಸದ್ದು ಕೇಳಿದರೆ ಪೈಪ್ ಕಟ್ಟಿದೆ ಎಂದುಕೊಳ್ಳಬೇಡಿ, ಹರಿವು ಈ ನಡುವಿನ ಜಾಗದಲ್ಲಿದೆ.

ಇದೇ 32ರ ಪೈಪನ್ನು ಉಳಿಸಿಕೊಂಡರೆ ಇದಕ್ಕೆ ಎರಡೇ ದಾರಿ. ಹರಿವನ್ನು ಡರ್ಸೋ ಸಹಿಸುವಷ್ಟಕ್ಕೆ ಇಳಿಸುವುದು ಒಂದು. ಪಂಪಿನ ಹೊರಬಾಯಿಯ ವಾಲ್ವ್ ತಿರುಗಿಸಿದರೆ ಸಾಕು, ಪಂಪಿಗೆ ಹಾನಿಯಿಲ್ಲ. ಒಳಬಾಯಿಯನ್ನು ಮಾತ್ರ ಯಾವತ್ತೂ ಕಟ್ಟಬಾರದು, ನೀರು ಸಿಗದೆ ಪಂಪ್ ಕೆಡುತ್ತದೆ; ತೋಟದ ಪಂಪಿನ ಫುಟ್ ವಾಲ್ವ್ ಕಸ ಕಟ್ಟಿದಾಗ ಏನಾಗುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಇನ್ನೊಂದು ದಾರಿ, ಡ್ರೈನನ್ನು ಉದ್ದೇಶಪೂರ್ವಕ ಸೈಫನ್ ಮಾಡಿ ಸಂಪ್ ಬಳಿ ಗೇಟ್ ವಾಲ್ವ್ ಹಾಕಿ, ಬರುವಷ್ಟೇ ಹೋಗುವಂತೆ ಬಿಗಿಯುವುದು. ಬಾಲ್ ವಾಲ್ವ್ ಬೇಡ. ಕಾಲು ಸುತ್ತಿನಲ್ಲಿ ಪೂರ್ತಿ ಮುಚ್ಚುವ ಹಿಡಿಯಲ್ಲಿ ಕೂದಲೆಳೆಯಷ್ಟು ಹೊಂದಿಸಲು ಆಗುವುದಿಲ್ಲ.

ಆದರೆ ವಾಲ್ವ್ ಇರುವ ಸೈಫನ್ ಒಂದೇ ಇದ್ದರೆ, ಒಂದು ಎಲೆ ಸಾಕು ಮನೆ ತೊಯ್ಯಲು. ಅದರ ಪಕ್ಕ ಅಷ್ಟೇ ದೊಡ್ಡ ಇನ್ನೊಂದು ಪೈಪ್ ಬೇಕೇಬೇಕು. ಬಾಯಿ ಸ್ವಲ್ಪ ಎತ್ತರದಲ್ಲಿ, ವಾಲ್ವ್ ಇಲ್ಲದೆ, ಸಾಮಾನ್ಯ ದಿನಗಳಲ್ಲಿ ಒಣಗಿಯೋ ಹನಿಹನಿಯಾಗಿಯೋ ಇರುವ ಪೈಪ್. ಇದಕ್ಕೆ ಹರ್ಬಿ ಮಾದರಿ ಎನ್ನುತ್ತಾರೆ. ನಡುವೆ ಮೂರನೆಯ ಪೈಪ್ ಸೇರಿಸಿದರೆ ಬೀನ್ ಅನಿಮಲ್. ಮನೆಗೆ ಎರಡು ಸಾಕು ಎಂಬುದು ನನ್ನ ಅಭಿಪ್ರಾಯ. ಈ ತುರ್ತು ಪೈಪಿನ ಪರೀಕ್ಷೆ ಹೀಗೆ: ಮುಖ್ಯ ಡ್ರೈನಿನ ಬಾಯಿಯನ್ನು ಕೈಯಿಂದ ಮುಚ್ಚಿ ಹಿಡಿದು ಹದಿನೈದು ನಿಮಿಷ ನಿಲ್ಲಿ. ಸದ್ದಾಗಲಿ, ಪರವಾಗಿಲ್ಲ. ಮಟ್ಟ ಅಂಚಿಗಿಂತ ಕೆಳಗೆ ಎಲ್ಲಾದರೂ ನಿಂತರೆ ಪೈಪ್ ಪಾಸು. ನಿಲ್ಲದಿದ್ದರೆ ಪೈಪ್ ಸಣ್ಣದು, ಅಥವಾ ಪಂಪ್ ದೊಡ್ಡದು.

ನನ್ನ 1,380ಕ್ಕೆ 32ರ ಡರ್ಸೋ ಒಂದು ಕೂದಲು ಚಿಕ್ಕದೇ. ಅದಕ್ಕೇ ಆಗಾಗ ಗೊಳಕ್ ಎನ್ನುತ್ತಿತ್ತು. ಟ್ಯಾಂಕ್ ನಿಪ್ಪಲ್ ಸಮೇತ 40ಕ್ಕೆ ಬದಲಿಸಿದೆ, ಸದ್ದು ನಿಂತಿತು.

ಇನ್ನೆರಡು ಸಣ್ಣ ವಿಷಯ. ಓವರ್‌ಫ್ಲೋ ಬಾಕ್ಸಿನ ಹಲ್ಲುಗಳ ನಡುವಿನ ತೆರಪನ್ನು ಮಾತ್ರ ಕೂಡಿಸಿ ಅಳೆಯಿರಿ. ನೀರು ಒಂದೂವರೆ ಸೆಂಟಿಮೀಟರ್ ದಪ್ಪ ಹರಿಯುವಾಗ, ಒಂದು ಸೆಂಟಿಮೀಟರ್ ತೆರಪಿನಿಂದ ಗಂಟೆಗೆ ನೂರು ಲೀಟರಿನಷ್ಟು ದಾಟುತ್ತದೆ. 1,400ಕ್ಕೆ 14 ಸೆಂಟಿಮೀಟರ್ ತೆರಪು. ಅದು ಕಡಿಮೆಯಿದ್ದರೆ ಕೆಳಗೆ ಎಷ್ಟು ದೊಡ್ಡ ಪೈಪ್ ಇದ್ದರೂ ಮೇಲೆ ಮಟ್ಟ ಏರುತ್ತದೆ. ಡ್ರೈನ್ ಪೈಪಿನ ಕೆಳತುದಿ ಸಂಪ್‌ನ ನೀರಿನಲ್ಲಿ ಎರಡು ಸೆಂಟಿಮೀಟರಿಗಿಂತ ಆಳ ಮುಳುಗಬಾರದು. ಆಳವಾದರೆ ಕರೆಂಟ್ ಬಂದಾಗ ಪೈಪಿನೊಳಗಿನ ಗಾಳಿ ಹೊರಗೆ ಹೋಗಲಾರದೆ ತಡೆದು ನಿಲ್ಲುತ್ತದೆ, ಅಷ್ಟರಲ್ಲಿ ಪಂಪ್ ಮೇಲೆ ತುಂಬುತ್ತಲೇ ಇರುತ್ತದೆ. ಕರೆಂಟ್ ಹೋದಾಗಲ್ಲ, ಬಂದ ಮೇಲೆ ಮೇಲಿನ ತೊಟ್ಟಿ ಉಕ್ಕುವ ಮನೆಗಳಲ್ಲಿ ಮೊದಲು ಇದನ್ನೇ ನೋಡಿ.

ಮಳೆಗೆ ಮುಂಚೆ

ವೈರ್‌ಗಳು ಸಾಕೆಟ್ಟಿಗಿಂತ ಕೆಳಗೆ ಒಂದು ಬಳುಕು ಇಳಿದು ಮೇಲೆ ಹೋಗಲಿ, ವೈರ್ ಹಿಡಿದು ಬಂದ ಹನಿ ಬಳುಕಿನ ತಳದಲ್ಲೇ ಬಿದ್ದುಹೋಗುತ್ತದೆ. 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೆ ಲೈನ್ ಕಡಿಯುವ ಸ್ವಿಚ್) ಇಲ್ಲದ ಲೈನಿನಲ್ಲಿ ತೊಟ್ಟಿ ಇದ್ದರೆ, ಇದರಲ್ಲಿ ಬೇರೆ ಏನು ಮಾಡುವ ಮೊದಲೂ ಅದನ್ನು ಹಾಕಿಸಿ. ಒದ್ದೆ ನೆಲದ ಮೇಲೆ ನಿಂತು ನೀರಿಗೆ ಕೈ ಹಾಕುವವರು ನಾವು.

ಮೇ ತಿಂಗಳ ಕೊನೆಯಲ್ಲಿ ಒಂದು ಹಗಲು ಬಿಡುವು ಮಾಡಿಕೊಂಡು ಪಂಪಿನ ಪ್ಲಗ್ ಕೀಳುತ್ತೇನೆ. ಮೇಲಿನಿಂದ ಬರುವುದೆಲ್ಲ ಬಂದು ಸಂಪ್‌ನ ನೀರು ನಿಂತ ಮೇಲೆ, ಗಾಜಿನ ಮೇಲೆ ಆ ಮಟ್ಟಕ್ಕೆ ಮಾರ್ಕರಿನಿಂದ ಗೆರೆ. ಪ್ಲಗ್ ಹಾಕಿ, ಎಲ್ಲ ಮೊದಲಿನಂತೆ ಓಡಲು ಶುರುವಾದ ಮೇಲೆ ಪಂಪ್ ಕೋಣೆಯಲ್ಲಿ ಇನ್ನೊಂದು ಗೆರೆ. ಆಮೇಲೆ ಮತ್ತೆ ಎರಡು ಸಲ ಕಿತ್ತು ಹಾಕಿ ನೋಡುತ್ತೇನೆ, ಗೆರೆಗಳು ಹೊಂದುತ್ತವೆಯೇ ಎಂದು. ಈ ವರ್ಷ ನಿಂತ ನೀರಿನ ಗೆರೆ ಸಂಪ್‌ನ ಅಂಚಿಗಿಂತ ಆರು ಸೆಂಟಿಮೀಟರಿಗೂ ಹೆಚ್ಚು ಕೆಳಗಿದೆ. ನೀರು ತುಂಬುವ ಕೆಲಸ ಮನೆಯಲ್ಲಿ ಬೇರೆಯವರು ಮಾಡಿದರೂ ಪಂಪ್ ಕೋಣೆಯ ಗೆರೆ ದಾಟಿ ಒಂದು ಲೋಟವೂ ಹೆಚ್ಚು ಹಾಕಬೇಡಿ ಎಂದು ಸ್ಟ್ಯಾಂಡಿನ ಬಾಗಿಲ ಒಳಗಡೆ ಬರೆದು ಅಂಟಿಸಿದ್ದೇನೆ.